ಫೇಲಾದ್ರೆ ಇಲ್ಲೇ ಫೇಲಾತೆ

ಸುಳ್ಳು ಹೇಳಿದ್ರೆ ನನ್ನ ಕೊರಳಿನ ಈ ಮಣಿಸರ ಅಷ್ಟೂ ಈಗ್ಲೇ ಹರ್ದು ಹೈವೇ ಮೇಲೆ ಬೀಳ್ಲಿ, ಅಣ್ಣಾ. ಮೂರು ಸೇರು ಮಣಿ ಅದೆ ಇದ್ರಲ್ಲಿ. ಹೆಕ್ಕುಕೆ ನೀವೂ ಬರ್ಬೇಕಾತದೆ. ಈರುಳ್ಳಿ ಸಿಹಿ ಅದ್ಯಾ ಅಂತ ನೀವು ಕೇಳಿದಾಗ ನಾ ಎರಡು ಸುಳ್ಳು ಹೇಳಿರ್ಬಹುದು. ಅದು ವ್ಯಾಪಾರ. ಈ ಕತೆ ಹಾಂಗಲ್ಲ. ನಡ್ದದ್ದು ನಡ್ದಾಂಗೇ ಹೇಳ್ತೆ. ಕೂತ್ಕಳಿ, ಆ ಕಲ್ಲು ಬಿಸಿ ಅದೆ, ಗೋಣಿಚೀಲ ಹಾಕ್ಕಳಿ.

ನನ್ನ ಹೆಸ್ರು ಸಣ್ಣಿ. ಹಾಲಕ್ಕಿ. ನನ್ನ ಅಮ್ಮ ನಿಮ್ಮಂಥ ಕಾರಿನವರ್ನ ಕಂಡ್ರೆ ‘ಒಡ್ಯಾ’ ಅಂತಿದ್ಲು. ನಾ ಅನ್ನುದಿಲ್ಲ. ಅಣ್ಣಾ ಅಂತೆ. ಬೇಜಾರಾದ್ರೆ ಈರುಳ್ಳಿ ಬಿಟ್ಟು ಹೋಗಿ.

ಶಾಲೆಗೆ ನಾ ಹೋದದ್ದು ಒಂದೂವರೆ ದಿವ್ಸ. ಮೊದ್ಲ ದಿವ್ಸ ಮಾಸ್ತರು ಅಂಗಳ ಗುಡ್ಸು ಅಂದ್ರು. ಗುಡ್ಸಿದೆ. ಎರಡ್ನೇ ದಿವ್ಸವೂ ಗುಡ್ಸು ಅಂದ್ರು. ಮಧ್ಯಾಹ್ನದವರೆಗೆ ಗುಡ್ಸಿದೆ. ಆಮೇಲೆ ಕಸಬರಿಗೆ ಅವರ ಕುರ್ಚಿ ಮೇಲೆ ಕೂರ್ಸಿ ಬಂದೆ. ನನ್ನ ವಿದ್ಯೆ ಅಷ್ಟೇ.

ಈ ಈರುಳ್ಳಿ ಎರಡು ತಿಂಗಳು. ಉಳ್ದ ಹತ್ತು ತಿಂಗಳು ತಲೆ ಮೇಲೆ ಬುಟ್ಟಿ. ಬಸಳೆ, ಹರಿವೆ, ಬದನೆ. ಕುಮಟೆಯಿಂದ ಹಳದೀಪುರ, ಹೊನ್ನಾವರದವರೆಗೆ ಮನೆ ಮನೆ. ಬುಟ್ಟಿ ಹೊತ್ತು ಹೊತ್ತು ನನ್ನ ನೆತ್ತಿ ಎಷ್ಟು ಚಪ್ಪಟೆ ಆಗದೆ ಅಂದ್ರೆ, ಅದ್ರ ಮೇಲೆ ಚಾ ಲೋಟ ಇಟ್ಟು ಭಟ್ಕಳದವರೆಗೆ ನಡೀಬಹುದು. ಒಂದು ಹನಿ ಚೆಲ್ಲುದಿಲ್ಲ. ನಡ್ದಿದ್ದೆ ಒಂದ್ಸಲ. ಅದು ಬೇರೆ ಕತೆ.

ಎಲ್ಲಾ ಮನೇಲೂ ನಮ್ಗೆ ಹಿಂದಿನ ಬಾಗಿಲು. ಮುಂದಿನ ಮೆಟ್ಟಿಲು ಹತ್ತುವಾಂಗಿಲ್ಲ. ನೀರು ಕೇಳಿದ್ರೆ ಬೇರೆ ಲೋಟ. ಹಿಂದಿನ ಬಾಗಿಲಲ್ಲಿ ನಿಂತವ್ರಿಗೆ ಮಾತ್ರ ಮನೆ ನಿಜ ಕಾಣ್ತದೆ ಅಂತ ಮುಂದಿನ ಬಾಗಿಲವ್ರಿಗೆ ಗೊತ್ತಿಲ್ಲ. ಯಾರು ಉಂಡ್ಲಿಲ್ಲ, ಯಾರ ಕಣ್ಣು ಕೆಂಪಾಗದೆ, ಯಾವ ಹುಡುಗಿ ಹಿತ್ಲಲ್ಲಿ ಒಬ್ಳೇ ಕೂತಿದಾಳೆ, ಎಲ್ಲಾ ನಮ್ಗೇ ಮೊದ್ಲು ಕಾಣುದು.

ಇದನ್ನ ಕಂಡುಹಿಡ್ದವ್ರು ನಮ್ಮ ಆರೋಗ್ಯ ಉಪಕೇಂದ್ರದ ಗಾಯತ್ರಿ ಸಿಸ್ಟರು.

ಹೋದ ವರ್ಷ ಮಿರ್ಜಾನದ ಕಡೆ ನಮ್ಮ ನಾಗಪತಿಯ ಮೊಮ್ಮಗ ತಾನಾಗೇ ಹೋಗ್ಬಿಟ್ಟ. ಹದಿನೇಳು ವರ್ಷ. ಹ್ಯಾಂಗೆ ಹೋದ ಅಂತ ನಾ ಹೇಳುದಿಲ್ಲ. ಹೇಳ್ಬಾರ್ದು ಅಂತ ಸಿಸ್ಟರು ಹೇಳಿದಾರೆ. ಅವನ ಹತ್ರ ಹಿಂದಿನ ದಿವ್ಸ ನಾನೇ ಮಾತಾಡಿದ್ದೆ. "ಎಂತಾ ಮಗಾ, ಸೊರಗಿದ್ಯಲ್ಲ" ಅಂದೆ. "ಎಂತಾ ಇಲ್ಲ ಅಜ್ಜಿ" ಅಂದ. ನಾ ಬುಟ್ಟಿ ಎತ್ತಿ ಮುಂದೆ ಹೋದೆ. ಆ ಬುಟ್ಟಿ ಅವತ್ತಿಂದ ಭಾರ ಆದದ್ದು ಇನ್ನೂ ಹಗುರ ಆಗ್ಲಿಲ್ಲ.

ಸಿಸ್ಟರು ತರಕಾರಿ ಮಾರೂ ಮೂವತ್ತು ಹೆಂಗಸ್ರನ್ನ ಕರ್ದು ಕೂರ್ಸಿದ್ರು. "ನೀವು ಹೋಗದ ಮನೆ ಇಲ್ಲ. ಮಕ್ಳ ಮುಖ ನೋಡಿ. ಊಟ ಬಿಟ್ರೆ, ಮಾತು ಬಿಟ್ರೆ, ತಮ್ಮ ಸಾಮಾನು ಬೇರೆಯವ್ರಿಗೆ ಹಂಚ್ತಾ ಇದ್ರೆ, ಸೀದಾ ಕೇಳಿ, ಸಾಯೂ ಮನಸ್ಸು ಬತ್ತದ್ಯಾ ಅಂತ" ಅಂದ್ರು.

ನನ್ನ ಪಕ್ಕದ ಮನೆ ಮಾದೇವಿ ಹೌಹಾರಿದ್ಲು. "ಅಯ್ಯೋ, ಕೇಳಿದ್ರೆ ಇಲ್ಲದ ಮನಸ್ಸು ಬತ್ತದಲ್ಲೇ ಸಿಸ್ಟರೇ!"

"ಬರುದಿಲ್ಲ ಮಾದೇವಿ. ಬಂದದ್ದು ಹೊರಗೆ ಬತ್ತದೆ, ಅಷ್ಟೇ. ಹೌದು ಅಂದ್ರೆ ಬೈಬೇಡಿ. ಬುದ್ಧಿ ಹೇಳ್ಬೇಡಿ. ಕೇಳಿಸ್ಕಳಿ. ಒಬ್ರನ್ನೇ ಬಿಡ್ಬೇಡಿ. ನಂಗೆ ಫೋನ್ ಮಾಡಿ. ನಾ ಸಿಗ್ಲಿಲ್ಲ ಅಂದ್ರೆ ಒಂದು ನಾಕು ನಾಕು ಒಂದು ಆರು. ಸರ್ಕಾರದ ಸಹಾಯವಾಣಿ, ಪುಕ್ಕಟೆ, ಯಾವ ಹೊತ್ತಿಗೂ ಎತ್ತಾರೆ. ಮತ್ತೆ ಮೆತ್ತಗೆ ಕೇಳಿ, ಆತಾ? ಒಬ್ರೇ ಇದ್ದಾಗ."

ಎಲ್ಲಾ ಬಾಯಿಪಾಠ ಆತು. ಕಡೇದೊಂದು ಮಾತ್ರ ನಮ್ಮ ಕಿವಿಗೆ ಇಳೀಲಿಲ್ಲ. ಹುಟ್ಟಿದಲ್ಲಿಂದ ಗದ್ದೆ ಈ ತುದಿಯಿಂದ ಆ ತುದಿಗೆ ಕೂಗಿದವ್ರು ನಾವು. ಬೀದಿ ಮೇಲೆ ‘ಬಸಳೇ’ ಅಂದ್ರೆ ಮೂರ್ನೇ ಮಾಳಿಗೆಯವ್ರು ಚೀಲ ಇಳಿಬಿಡ್ಬೇಕು. ಮೆತ್ತಗಿನ ದನಿ ನಮ್ಗೆ ದೇವ್ರು ಕೊಟ್ಟೇ ಇಲ್ಲ.

ಮಾರ್ನೇ ದಿವ್ಸ ಕುಮಟೆ ಪೇಟೇಲಿ ಹೊರಟೆವು ನೋಡಿ.

"ಬಸಳೇ... ಹರಿವೇ... ಎಳೇ ಬದನೇ... ಸಾಯೂ ಮನಸ್ಸು ಬತ್ತದ್ಯಾ ಮಕ್ಳೇ...!"

ನನ್ನ ಕೂಗಿಗೆ ಅಘನಾಶಿನಿ ಆಚೆ ದಡದಲ್ಲಿ ಮಾವಿನಕಾಯಿ ಉದುರಿದ್ವು. ನೂರಾ ಹನ್ನೆರಡು. ಒಬ್ರು ರಿಟೈರ್ಡ್ ಮಾಸ್ತರು ಪೇಪರ್ ಬಿಟ್ಟು ಜಗಲಿಗೆ ಬಂದು, "ನಂಗೆ ಎಂಬತ್ತಾತೇ ಮಾರಾಯ್ತಿ, ಈಗ ಕೇಳ್ತ್ಯಾ?" ಅಂದ್ರು. "ಮಕ್ಳಿಗೆ ಅಂದೆ, ನಿಮ್ಗಲ್ಲ" ಅಂದೆ. "ನನ್ನತ್ರ ಯಾರೂ ಎಂತದೂ ಕೇಳುದಿಲ್ಲ" ಅಂತ ಅಲ್ಲೇ ಮೆಟ್ಟಿಲ ಮೇಲೆ ಕೂತು ಒಂದು ಗಂಟೆ ಮಾತಾಡಿದ್ರು. ಎರಡು ಕಟ್ಟು ಹರಿವೆ ತೆಕ್ಕಂಡ್ರು. ಬಸ್ಸಲ್ಲಿ ಕಂಡಕ್ಟರಿಗೆ ಕೇಳ್ದೆ. "ನಂಗೆ ಚಿಲ್ರೆ ಕೊಡದವರ್ನ ಕೊಲ್ಲೂ ಮನಸ್ಸು ಬತ್ತದೆ" ಅಂದ. ಯಾರೋ ಪೊಲೀಸ್ರಿಗೆ ಫೋನ್ ಮಾಡಿ, ತರಕಾರಿ ಹೆಂಗಸ್ರು ಬೆದರಿಕೆ ಹಾಕ್ತಿದಾರೆ ಅಂದ್ರಂತೆ. ಬಂದ ಪೊಲೀಸಪ್ಪಗೂ ಮಾದೇವಿ ಕೇಳಿದ್ಲು. ಅವ ಲಾಠಿ ಬದಿಗಿಟ್ಟು ಅತ್ತ. ಮಣಿಸರದಾಣೆ ಅತ್ತ.

ಹಳದೀಪುರದಲ್ಲಿ ಹೆಗಡೇರ ಮನೆ ಅದೆ. ಬ್ಯಾಂಕಿನವ್ರು. ಅವರ ಮಗಳು ವಂದನಾ ಹೊನ್ನಾವರದ ದೊಡ್ಡ ಕಾಲೇಜಲ್ಲಿ ಪಿಯುಸಿ. ಫಸ್ಟು ಅಂದ್ರೆ ಫಸ್ಟು. ಹಿಂದಿನ ಬಾಗಿಲಲ್ಲಿ ಬುಟ್ಟಿ ಇಳ್ಸಿ, ಒಳಗಿನ ಕೋಣೆಗೆ ಮುಟ್ಟೂ ಹಾಂಗೆ ಕೂಗ್ದೆ.

ಹೆಗಡ್ತೀರು ಮೊರ ಹಿಡ್ಕಂಡು ಓಡಿ ಬಂದ್ರು. "ಎಂತಾ ಮಾತು ಆಡ್ತೆ ಸಣ್ಣಿ! ನಮ್ಮನೆಲಿ ಅಂಥದ್ದು ಎಂತದೂ ಇಲ್ಲೆ. ವಂದನಾ ಓದ್ತಾ ಇದ್ದು. ಹೋಗು ಅತ್ಲಾಗೆ."

ಒಳಗಿಂದ ಮಗಳ ಸಣ್ಣ ದನಿ ಬಂತು.

"ಇದ್ದು, ಆಯಿ."

ಮೊರ ಬಿತ್ತು. ಅಕ್ಕಿ ಅಂಗಳ ಪೂರಾ. ಹೆಗಡ್ತೀರು ಅಲ್ಲೇ ಕುಕ್ಕರಿಸಿದ್ರು. ಆ ಹುಡುಗಿ ಬಾಗಿಲಿಗೆ ಬಂದು ಹೇಳಿದ್ಲು. ತೊಂಬತ್ತೆಂಟು ಬಂದ್ರೆ ಅಪ್ಪ ಉಳ್ದ ಎರಡು ಎಲ್ಲಿ ಹೋತು ಕೇಳ್ತಾರಂತೆ. ರಾಜ್ಯಕ್ಕೇ ಮೊದ್ಲು ಬರೂ ಹುಡುಗಿ ಅಂತ ಕಾಲೇಜಿನವ್ರು ಈಗ್ಲೇ ಫೋಟೋ ತೆಗ್ಸಿ ಇಟ್ಟಿದಾರಂತೆ. ಬರ್ಲಿಲ್ಲ ಅಂದ್ರೆ ಮುಖ ಎಲ್ಲಿ ಇಟ್ಕಳುದು ಅಂತ ಹುಡುಗಿಗೆ ಊಟ ಇಳಿಯುದಿಲ್ಲ. ನಾ ಬಾಯಿ ಮುಚ್ಚಿ ಕೇಳ್ದೆ. ಬಾಯಿ ಮುಚ್ಚುದು ನಂಗೆ ಬುಟ್ಟಿ ಹೊರುದಕ್ಕಿಂತ ಕಷ್ಟ. ಸಿಸ್ಟರಿಗೆ ಫೋನ್ ಹೋತು. ಅವತ್ತೇ ಬಂದ್ರು. ವಾರವಾರ ದೊಡ್ಡಾಸ್ಪತ್ರೆ ಡಾಕ್ಟರಮ್ಮನ ಹತ್ರ ಕರ್ಕಂಡು ಹೋದ್ರು. ಹೆಗಡ್ತೀರು ಅವತ್ತು ಮೊದ್ಲ ಸಲ ನಂಗೆ ತಾವು ಕುಡಿಯೂ ಲೋಟದಲ್ಲೇ ಚಾ ಕೊಟ್ರು. ಸಕ್ಕರೆ ಹಾಕುಕೆ ಮರ್ತಿದ್ರು. ಕುಡ್ದೆ.

ಇನ್ನು ನಮ್ಮ ಕೇರಿ ಸುದ್ದಿ.

ಮಾದೇವಿಯ ದೊಡ್ಡ ಮೊಮ್ಮಗಳು ಉಮಾ. ಅಪ್ಪ ಜಟ್ಟ ಭಟ್ಕಳದ ಬೋಟಲ್ಲಿ. ಹೋದ್ರೆ ಹದಿನೈದು ದಿವ್ಸ. ತಾಯಿಗೆ ಸೊಂಟ ಬಿದ್ದು ಹೋಗದೆ. ಹುಡುಗಿ ಬೆಳಕು ಹರೀಕೆ ಮುಂಚೆ ಎದ್ದು ಈರುಳ್ಳಿ ಗದ್ದೆಗೆ ನೀರು ಹೊಯ್ಬೇಕು. ಎರಡು ಕೈಲಿ ಎರಡು ಕೊಡಪಾನ. ನಲವತ್ತು ಸಲ. ಅಂಗೈ ಚರ್ಮ ಎದ್ದು ಹೋತದೆ. ಆಮೇಲೆ ಏಳೂವರೆ ಬಸ್ಸು. ಅದೇ ಹೊನ್ನಾವರದ ಕಾಲೇಜು. ಹೆಸ್ರು ಕೇಳ್ಬೇಡಿ. ಮೊದ್ಲ ಪೀರಿಯಡ್ಡಲ್ಲಿ ನಿದ್ದೆ ತೂಗಿದ್ರೆ ಹಿಂದಿನ ಬೆಂಚಿನ ಮೇಲೆ ನಿಲ್ಸೂದು. "ಈರುಳ್ಳಿ ನಾತ ಬತ್ತದೆ, ಕಿಟಕಿ ತೆಗೀರಿ" ಅನ್ನುದು. ಅರವತ್ತು ಮಕ್ಳು ನಗುದು.

ಅದೇ ಕಾಲೇಜಿನ ಹಾಸ್ಟೆಲ್ ಅಡುಗೆ ಮನೆಗೆ ತರಕಾರಿ ಹಾಕುದು ನಾವು. ಮತ್ತೆ ಹಿಂದಿನ ಬಾಗಿಲು. ಫೆಬ್ರವರಿಲಿ ಒಂದು ದಿವ್ಸ ಬದನೆ ಇಳ್ಸಿ ಬತ್ತಾ ಇದ್ದೆ. ಆಫೀಸಿನ ಕಿಟಕೀಲಿ ಉಮಾ ಕಂಡ್ಲು. ಪ್ರಿನ್ಸಿಪಾಲ್ ರಮಾನಂದ ಸರ್ ಕೂತಿದ್ರು. ಇವ್ಳು ನಿಂತಿದ್ಲು. ಮುಂದೆ ಒಂದು ಕಾಗದ.

"ಪ್ರಿಪರೇಟರೀಲಿ ಎರಡು ಸಬ್ಜೆಕ್ಟ್ ಹೋಗಿದೆ. ಟಿಸಿ ತಗೊಂಡು ಹೊರಗಿಂದ ಪರೀಕ್ಷೆ ಬರಿ. ನಮ್ಮ ರಿಸಲ್ಟು ನೂರಕ್ಕೆ ನೂರು. ಎಂಟು ವರ್ಷದಿಂದ. ನಿನ್ನೊಬ್ಬಳಿಂದ ಹಾಳು ಮಾಡ್ಲಾ?"

"ಸರ್, ಇನ್ನೊಂದು ತಿಂಗ್ಳದೆ. ಓದ್ತೆ ಸರ್."

"ಓದ್ತೀಯಾ? ಬುಟ್ಟಿ ಹೊರುವವರಿಗೆ ಸೈನ್ಸ್ ಯಾಕೆ ಬೇಕಿತ್ತು? ನಾಳೆ ಸಹಿ ಹಾಕಿ ಹೋಗು."

ಗೋಡೆಗೆ ಒಂದು ಫ್ಲೆಕ್ಸು ಒರಗಿತ್ತು. ದೊಡ್ಡದು. ‘ನೂರಕ್ಕೆ ನೂರು’ ಅಂತ ಬರ್ದದ್ದಂತೆ, ಅಡುಗೆಯವ ಓದಿ ಹೇಳ್ದ. ನಡುವೆ ವಂದನಾಳ ಫೋಟೋ. ಪರೀಕ್ಷೆಯೇ ಆಗ್ಲಿಲ್ಲ, ಅಣ್ಣಾ! ಬಿತ್ತದೇ ಕೊಯ್ಲು ಮಾಡಿ ಕಟ್ಟಿ ಇಟ್ಟಿದ್ರು. ನಮ್ಮ ಹುಡುಗಿಯ ಹಾಂಗೆ ವರ್ಷಕ್ಕೆ ಹತ್ತು ಹನ್ನೆರಡು ಮಕ್ಳನ್ನ ಹೊರಗೆ ಹಾಕಿಯೇ ಆ ನೂರು. ಕಳೆ ಕಿತ್ತ ಹಾಂಗೆ ಕೀಳುದು. ಎಲ್ಲಿ ಬಿದ್ರು, ಬದುಕಿದ್ರಾ ಅಂತ ಯಾರೂ ನೋಡುದಿಲ್ಲ.

ಅವತ್ತಿಂದ ಉಮಾ ಮಾತು ಬಿಟ್ಲು. ನೀರು ಹೊಯ್ತಿದ್ಲು, ಉಣ್ತಿರ್ಲಿಲ್ಲ. ಮೂರ್ನೇ ದಿವ್ಸ ಅವಳ ವಾಚು ತಂಗಿ ಕೈಲಿ ಕಂಡೆ. ಕಂಪಾಸು ಪೆಟ್ಟಿಗೆ ಆಚೆ ಮನೆ ಹುಡುಗಿಗೆ ಕೊಟ್ಟಿದ್ಲು. ಬುಟ್ಟಿ ಅಲ್ಲೇ ಇಳ್ಸಿದೆ.

ಗದ್ದೆಗೆ ಹೋದೆ. ಅವಳ ಕೈಯಿಂದ ಒಂದು ಕೊಡಪಾನ ಇಸ್ಕಂಡೆ. ಒಟ್ಟಿಗೆ ನೀರು ಹೊಯ್ದೆವು. ಹತ್ತು ಸಲ ಆದ ಮೇಲೆ ಕೇಳ್ದೆ. ಮೆತ್ತಗೆ. ಆ ದನಿ ಎಲ್ಲಿತ್ತೋ, ಅರವತ್ತೆರಡು ವರ್ಷದಲ್ಲಿ ಒಂದ್ಸಲವೂ ಕೇಳಿರ್ಲಿಲ್ಲ ನಾ.

"ಮಗಾ, ಸಾಯೂ ಮನಸ್ಸು ಬತ್ತದ್ಯಾ?"

ಅವ್ಳು ಕೊಡಪಾನ ಕೆಳಗಿಟ್ಲು. "ಬತ್ತದೆ ಅಜ್ಜಿ. ಮೂರು ದಿವ್ಸದಿಂದ ಅದೇ."

"ಆತು" ಅಂದೆ. ತಬ್ಕಂಡೆ. ಕೆಸರಲ್ಲೇ ಕೂತೆವು. ಅವ್ಳು ಅಷ್ಟೂ ಹೇಳಿದ್ಲು. ಅಪ್ಪ ಮೀನಿನ ಬೋಟಲ್ಲಿ ಕೈ ಹರ್ಕಂಡು ಫೀ ಕಟ್ಟಿದ, ಈಗ ಹ್ಯಾಂಗೆ ಹೇಳುದು ಅಂದ್ಲು. ತನ್ನಿಂದ ಎಲ್ರಿಗೂ ಭಾರ ಅಂದ್ಲು. ನಾ ಬುದ್ಧಿ ಹೇಳ್ಲಿಲ್ಲ. ಸಿಸ್ಟರಿಗೆ ಅವಳ ಮುಂದೇ ಫೋನ್ ಹಚ್ಚಿದೆ. ಜಟ್ಟನ ಬೋಟಿಗೂ ಸುದ್ದಿ ಹೋತು. ಅವ ದಡಕ್ಕೆ ಬಂದವ, "ಫೀ ಹೋದ್ರೆ ಹೋಗ್ಲೇ ಹುಚ್ಚಿ. ನೀ ಹೋದ್ರೆ ನಾ ಯಾರಿಗೆ ಬಂಗಡೆ ತರುದು?" ಅಂತ ಮಗಳ ಮುಂದೆ ಎರಡು ಕೈಲೂ ಬಂಗಡೆ ಹಿಡ್ಕಂಡು ಅತ್ತ.

ಉಮಾನ್ನ ಒಬ್ಳೇ ಬಿಡುವಾಂಗಿಲ್ಲ ಅಂತಾತು. ನಮ್ಮಲ್ಲಿ ನಾಟಿಗೆ ಒಬ್ರ ಗದ್ದೆಗೆ ಎಲ್ರೂ ಇಳಿಯೂ ಪದ್ಧತಿ ಅದೆ. ಇವತ್ತು ನಿನ್ನ ಗದ್ದೆ, ನಾಳೆ ನನ್ನ ಗದ್ದೆ. ಹಾಂಗೇ ಉಮಾಳ ಹತ್ರ ಇಳ್ದೆವು. ದಿನಕ್ಕೆ ಏಳು ಹೆಂಗಸ್ರು. ಇಬ್ರು ಸಾಕಿತ್ತು. ಏಳು ಬಂದ್ರು. ಹುಡುಗಿ ಬಚ್ಚಲಿಗೆ ಹೋದ್ರೆ ಬಾಗಿಲಲ್ಲಿ ನಾಕು ಮುದುಕೀರು. ಒಳಗಿಂದ ಕೂಗ್ತಿದ್ಲು, "ಅಜ್ಜೀ, ಬದುಕಿದೇನೆ! ಸ್ವಲ್ಪ ಆಚೆ ಹೋಗ್ರೇ!"

ಸುಮ್ನೆ ಕೂತು ಎಂತ ಮಾಡುದು? "ಓದು ಮಗಾ, ನಮ್ಗೂ ಹೇಳು" ಅಂದೆವು. ಅವ್ಳು ಕೆಮಿಸ್ಟ್ರಿ ಹೇಳಿದ್ಲು. ನಮ್ಗೆ ಬಾಯಿಗೆ ಬರ್ಬೇಕಾದ್ರೆ ಹಾಡಾಗ್ಬೇಕು. ನಾಟಿ ಹಾಡಿನ ಧಾಟಿಗೆ ಕಟ್ಟಿದೆವು. ಒಂದು ಸಾಲು ಕೇಳುದು, ಒಂದು ಸಾಲು ಹೇಳುದು.

"ನೀರಿಗೆಂತ ಹೆಸರಿಟ್ರೇ ತಂಗೀ?"

"ಎಚ್ಚು ಟೂ ಓವು ಕಾಣೇ ಅಕ್ಕಾ!"

"ಉಪ್ಪಿಗೆಂತ ಹೆಸರಿಟ್ರೇ ತಂಗೀ?"

"ಸೋಡಿಯಂ ಕ್ಲೋರೈಡೇ ಅಕ್ಕಾ!"

ಮಾದೇವಿ ಹಾಡು ನಿಲ್ಸಿದ್ಲು. "ಸಾಣಿಕಟ್ಟೆ ಆಗರದಲ್ಲಿ ಇಪ್ಪತ್ತು ವರ್ಷ ಉಪ್ಪು ಎಳ್ದೆ. ಕಾಲು ಹುಣ್ಣಾತು. ಅದಕ್ಕೆ ಇಷ್ಟು ಚಂದದ ಹೆಸ್ರು ಅದೆ ಅಂತ ಒಬ್ರಾದ್ರೂ ಹೇಳಿದ್ರಾ ನಂಗೆ?" ಅಂದ್ಲು. ಉಮಾ ನಕ್ಕಳು. ಒಂಬತ್ತು ದಿವ್ಸಕ್ಕೆ ಮೊದ್ಲ ನಗು. ಗದ್ದೇಲಿ ಬೆಳ್ಳಕ್ಕಿ ಸಾಲಾಗಿ ನಿಂತು ಹಾಡು ಕೇಳ್ತಿದ್ವು. ಒಂದು ಬೆಳ್ಳಕ್ಕಿಗೆ ಸಲ್ಫ್ಯೂರಿಕ್ ಆಸಿಡ್ಡಿನವರೆಗೂ ಬತ್ತಿತ್ತು. ನಂಬಿ.

ಹಾಲ್ ಟಿಕೆಟ್ ಕೊಡೂ ದಿವ್ಸ ಬಂತು. ಉಮಾಗೆ ಕೊಡುದಿಲ್ಲ ಅಂದ್ರು. ಮೊದ್ಲು ಟಿಸಿ ಕಾಗದಕ್ಕೆ ಸಹಿ.

ಮಾರ್ನೇ ದಿವ್ಸ ಮೂವತ್ತು ಬುಟ್ಟಿ ಎದ್ವು. ಹಾಸ್ಟೆಲಿನ ಹಿಂದಿನ ಬಾಗಿಲಿಗೆ ಹೋಗ್ಲಿಲ್ಲ. ಸೀದಾ ಕಾಲೇಜಿನ ಮುಂದಿನ ಗೇಟು. ಅರವತ್ತೆರಡು ವರ್ಷಕ್ಕೆ ಮೊದ್ಲ ಸಲ ಮುಂದಿನ ಗೇಟು, ಅಣ್ಣಾ. ಉಮಾನ್ನ ನಡುವೆ ಕೂರ್ಸಿ ಅಡ್ಡಕ್ಕೆ ಸಾಲಾಗಿ ಕೂತೆವು. ಒಳಗೆ ಹೋಗೂ ಕಾರು ಹೊರಗೆ. ಹೊರಗೆ ಬರೂ ಬಸ್ಸು ಒಳಗೆ. ಹಾಸ್ಟೆಲಲ್ಲಿ ಮುನ್ನೂರು ಮಕ್ಳಿಗೆ ಬರೀ ಅನ್ನ. ಅವ್ರು ಕಿಟಕೀಲಿ ನಿಂತು ತಟ್ಟೆ ಬಡಿದ್ರು, ನಮ್ಮ ಪರವಾಗಿಯೇ. ಹೊಟ್ಟೆ ನಮ್ಮ ಕೈಲಿತ್ತಲ್ಲ.

ವಾಚ್‌ಮನ್ ತಿಮ್ಮ ಬಂದ. "ಏಳ್ರೇ, ಹಿಂದಿನ ಬಾಗಿಲಿಗೆ ಹೋಗ್ರೇ" ಅಂದ.

"ನೀ ಯಾವ ಬಾಗಿಲಿಂದ ಬತ್ತೆ ತಿಮ್ಮಾ?"

ಅವ ನಮ್ಮ ಪಕ್ಕ ಕೂತ.

ರಮಾನಂದ ಸರ್ ಬಂದ್ರು. ಮುಖ ನಮ್ಮ ಈರುಳ್ಳಿ ಬಣ್ಣ. "ಏನಿದು ಸಂತೆ? ಪೊಲೀಸ್ ಕರೀತೀನಿ!"

"ಕರೀರಿ. ಅವ್ರ ಹತ್ರ ನಮ್ಮದು ಮಾತಾಗದೆ" ಅಂದೆ.

"ಆ ಹುಡುಗಿ ಪಾಸಾಗಲ್ಲ. ಬರೆದುಕೊಡ್ಲಾ?"

"ಪಾಸಾತಾಳೆ ಅಂತ ನಾವೆಲ್ಲಿ ಹೇಳಿದೆವು?"

ಅಷ್ಟರಲ್ಲಿ ಒಳಗಿಂದ ವಂದನಾ ಬಂದ್ಲು. ಆ ಮೆತ್ತಗಿನ ಹುಡುಗಿ. "ಸರ್, ಅವಳಿಗೆ ಹಾಲ್ ಟಿಕೆಟ್ ಕೊಡದಿದ್ರೆ ಫ್ಲೆಕ್ಸಲ್ಲಿ ನನ್ನ ಫೋಟೋ ಬೇಡ. ನಂಗೂ ಟಿಸಿ ಕೊಡಿ" ಅಂತ ಹೇಳಿ ನಮ್ಮ ಸಾಲಲ್ಲಿ, ನನ್ನ ಹರಿವೆ ಬುಟ್ಟಿ ಪಕ್ಕ ಕೂತ್ಲು. ಹೆಗಡೇರ ಮನೆ ಹುಡುಗಿ, ನೆಲದ ಮೇಲೆ! ಸರ್ ಕನ್ನಡಕ ತೆಗ್ದು ಒರ್ಸಿ ಹಾಕಿ ನೋಡಿದ್ರು. ಅಲ್ಲೇ ಕೂತಿದ್ಲು.

ಕಾಗದ ಮತ್ತೆ ಪೆನ್ನು ತರ್ಸಿದ್ರು. ಉಮಾಳ ಮುಂದೆ ಹಿಡಿದ್ರು. "ಕೊನೇ ಸಲ ಹೇಳ್ತೀನಿ. ಸಹಿ ಹಾಕು. ಹೊರಗಿಂದ ಬರಿ. ನಿನಗೂ ಮರ್ಯಾದೆ, ನಮಗೂ ಮರ್ಯಾದೆ."

ಉಮಾ ಪೆನ್ನು ತೆಕ್ಕಂಡ್ಲು. ಅವ್ಳು ಪೆನ್ನಿನ ಕ್ಯಾಪು ಮುಚ್ಚಿ ಸರ್ ಜೇಬಿಗೆ ಸಿಕ್ಕಿಸಿದ್ಲು.

"ಹಾಕುದಿಲ್ಲ ಸರ್. ಎರಡು ವರ್ಷ ಇಲ್ಲೇ ಓದಿದೆ. ಇಲ್ಲೇ ಬೆಂಚಿನ ಮೇಲೆ ನಿಂತೆ. ಪಾಸಾದ್ರೆ ಇಲ್ಲೇ ಪಾಸಾತೆ. ಫೇಲಾದ್ರೆ ಇಲ್ಲೇ ಫೇಲಾತೆ. ನನ್ನ ಹೆಸ್ರು ಇಲ್ಲೇ ಇರ್ಬೇಕು. ನಿಮ್ಮ ನೂರರಲ್ಲಿ ನಾ ಒಬ್ಳು. ತೆಗ್ದು ಹಾಕುಕೆ ನಾ ಕಳೆ ಅಲ್ಲ."

ಯಾರೂ ಹೇಳಿಕೊಟ್ಟದ್ದಲ್ಲ. ಅಂಗೈ ಬೊಬ್ಬೆ ಒಡ್ದ ಹುಡುಗಿ ಬಾಯಿಂದ ಬಂದದ್ದು. ಆಮೇಲೆ ಆದದ್ದು ನೀವು ನಂಬುದಿಲ್ಲ. ಹಾಸ್ಟೆಲಿನ ಮುನ್ನೂರು ಮಕ್ಳು ಒಂದೇ ದನೀಲಿ "ಇಲ್ಲೇ ಫೇಲಾತೆ" ಅಂತ ಕೂಗಿದ್ರು. ಶರಾವತಿ ಸೇತುವೆ ಮೇಲೆ ಲಾರಿಗಳು ನಿಂತ್ವು. ಗೇಟಿನ ಬೀಗ ತನ್ನಷ್ಟಕ್ಕೆ ಕಳಚಿ ಬಿತ್ತು. ಸರಿ, ಬೀಗ ತಿಮ್ಮ ತೆಗ್ದಿರ್ಬಹುದು. ಉಳ್ದದ್ದು ನಿಜ.

ಮಧ್ಯಾಹ್ನ ಎರಡಕ್ಕೆ ಹಾಲ್ ಟಿಕೆಟ್ ಬಂತು. ಉಮಾಗೆ ಮಾತ್ರ ಅಲ್ಲ. ಹೊರಗೆ ಹಾಕಿದ್ದ ಮಕ್ಳು ಸೇರಿ ಹನ್ನೊಂದು ಜನಕ್ಕೆ. ಮಕ್ಳು ಎಲ್ಲೆಲ್ಲಿಂದ್ಲೋ ಬಂದ್ರು. ಒಬ್ಬ ಓಂ ಬೀಚಿನ ಹೋಟೆಲಲ್ಲಿ ಪಾತ್ರೆ ತೊಳೀತಿದ್ದ. ಕೈಲಿ ಸಾಬೂನಿನ ನೊರೆ ಹಾಂಗೇ ಇತ್ತು.

ಪರೀಕ್ಷೆ ಬರ್ದ್ರು. ಹೋದ ವಾರ ರಿಸಲ್ಟು. ಅವತ್ತು ನಮ್ಮ ಮೂವತ್ತು ಹೆಂಗಸ್ರೂ ಬುಟ್ಟಿ ಎತ್ಲಿಲ್ಲ. ಹನ್ನೊಂದು ಮನೆ, ವಂದನಾಳ ಮನೆ ಸೇರಿ ಹನ್ನೆರಡು. ಬೆಳಿಗ್ಗೆಯಿಂದ ಹೋಗಿ ಕೂತೆವು. ಎಂತಾದ್ರೂ ಆಗ್ಲಿ, ಪಾಯಸ ಮೊದ್ಲೇ ಮಾಡಿ ಇಡೂದು ಅಂತ ನಿಶ್ಚಯ ಆಗಿತ್ತು. ರಿಸಲ್ಟು ನೋಡೂಕೆ ಮುಂಚೆ ಪಾಯಸ ಉಣ್ಬೇಕು.

ವಂದನಾಗೆ ತೊಂಬತ್ತಾರು. ಹೆಗಡೇರು ಬಾಯಿ ತೆಗ್ದ್ರು. ಹೆಗಡ್ತೀರು ಆ ಬಾಯಿಗೆ ಪಾಯಸ ಹಾಕಿದ್ರು.

ಉಮಾ ಫಿಸಿಕ್ಸ್ ಪಾಸು. ಕೆಮಿಸ್ಟ್ರೀಲಿ ಹೋತು, ನಾಕು ಮಾರ್ಕಿಗೆ. ಏಳು ಮುದುಕೀರು ಗೊಳೋ ಅಂದ್ರು. "ನಾವೇ ಫೇಲಾದೆವಲ್ಲೇ! ಹಾಡಲ್ಲೇ ಎಲ್ಲೋ ತಪ್ಪಾಗದೆ!" ಮಾದೇವಿ ಎದೆ ಬಡ್ಕಂಡ್ಲು. ಉಮಾ ನಮ್ಮನ್ನ ಸಮಾಧಾನ ಮಾಡುಕೆ ಒದ್ದಾಡಿದ್ಲು. "ಅಜ್ಜೀ, ಇನ್ನೊಂದು ಪರೀಕ್ಷೆ ಅದೆ. ಎರಡ್ನೇದು. ಅದೂ ಹೋದ್ರೆ ಮೂರ್ನೇದು. ಅಳ್ಬೇಡ್ರೇ, ನಾ ಪಾಠ ಹೇಳ್ತೆ" ಅಂದ್ಲು. ಇವತ್ತು ಬೆಳಿಗ್ಗೆಯೂ ಹೇಳಿದ್ಲು. ಈಗ ಹಾಡಿಗೆ ಹೊಸ ಸಾಲು ಕಟ್ತಾ ಇದೇವೆ. ಅಮೋನಿಯಕ್ಕೆ ಪ್ರಾಸ ಸಿಕ್ಕುದಿಲ್ಲ, ನಿಮ್ಗೆ ಗೊತ್ತಾದ್ರೆ ಹೇಳಿ.

ಅವ್ಳು ಪೂರಾ ಸರಿ ಆದ್ಲು ಅಂತ ಹೇಳ್ಲಾರೆ. ಕೆಲವು ದಿವ್ಸ ಮಂಕಾತಾಳೆ. ಆಗ ತಾನೇ ಬಂದು ಹೇಳ್ತಾಳೆ, "ಅಜ್ಜಿ, ಇವತ್ತು ಬಂದದೆ" ಅಂತ. ಹೇಳ್ತಾಳಲ್ಲ, ಅದು ಸಾಕು. ಒಟ್ಟಿಗೆ ನೀರು ಹೊಯ್ತೇವೆ, ಸಿಸ್ಟರ ಹತ್ರ ಹೋತೇವೆ.

ಕಾಲೇಜಿನ ನೂರು ಈ ವರ್ಷ ತೊಂಬತ್ತೇಳಾತು. ಆಕಾಶ ಬೀಳ್ಲಿಲ್ಲ. ನಾ ಹೊರಗೆ ಬಂದು ಎರಡು ಸಲ ನೋಡ್ದೆ.

ಮುಗೀತು ಕತೆ. ಏಳ್ತ್ರ್ಯಾ? ಒಂದು ನಿಮಿಷ, ಅಣ್ಣಾ. ನಾ ಕತೆ ಹೇಳೂ ಹೊತ್ತಿಗೆ ನಿಮ್ಮ ಫೋನು ಮೂರು ಸಲ ಬಡ್ಕಂತು. ಮೂರೂ ಸಲ ನೀವು ಕಟ್ ಮಾಡಿದ್ರಿ. ಕತೆ ಅಷ್ಟು ರುಚಿ ಆತಲ್ಲ ಅಂತ ನಂಗೆ ಖುಷಿಯೇ. ಆದ್ರೆ ಪರದೆ ಮೇಲೆ ಒಬ್ಬ ಹುಡುಗನ ಫೋಟೋ ಬತ್ತಿತ್ತು. ನಂಗೆ ಓದುಕೆ ಬರುದಿಲ್ಲ, ಮೂಗು ಗುರ್ತಿಸುಕೆ ಬತ್ತದೆ. ನಿಮ್ಮದೇ ಮೂಗು. ಮಗನ್ನ ಮಂಗಳೂರಲ್ಲಿ ಕೋಚಿಂಗಿಗೆ ಬಿಟ್ಟಿದೀರಿ ಅಂತ ಕಾರು ಇಳಿಯುವಾಗ ಅಂದ್ರಲ್ಲ, ಅವನೇ ಅಲ್ದಾ?

ಕಿಸೆ ತಡಕಬೇಡಿ. ಕಾರಿನ ಚಾವಿ ನನ್ನ ಈರುಳ್ಳಿ ಬುಟ್ಟಿ ಅಡೀಲಿ ಅದೆ. ನೀವು ಗೋಣಿಚೀಲ ಹಾಕ್ಕಳುಕೆ ಬಗ್ಗಿದಾಗಲೇ ಬಿತ್ತು, ನಾ ಎತ್ತಿಟ್ಟೆ. ಮೊದ್ಲು ಅವಗೆ ಫೋನ್ ಹಚ್ಚಿ. ಇಲ್ಲೇ, ನನ್ನ ಮುಂದೆ. ಟೆಸ್ಟಲ್ಲಿ ಎಷ್ಟು ಬಂತು ಅಂತ ಕೇಳಿದ್ರೆ ಮಾತ್ರ ಚಾವಿ ಸಿಕ್ಕುದಿಲ್ಲ, ಭಟ್ಕಳದವರೆಗೆ ನಡ್ಕಂಡೇ ಹೋಗ್ಬೇಕಾತದೆ. ಹೂಂ, ಹಚ್ಚಿ. ನಾ ಆಚೆ ತಿರ್ಗಿ ಕೂತೆ.